ನಿಂತ ಜಾಗ ನೋಡುವ ಬೀಗ

ಬೀಗದ ಮಾಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಂದು ಸ್ಟೂಲು, ಕೀಲಿ ಕೊರೆಯುವ ಯಂತ್ರ, ಗೋಡೆ ತುಂಬ ಮೊಳೆಗೆ ನೇತುಬಿದ್ದ, ಇನ್ನೂ ಹಲ್ಲು ಮೂಡದ ಕೀಲಿಗಳು, ಇಷ್ಟಕ್ಕೆ ಜಾಗ ಮುಗಿಯಿತು. ಮರೆತು ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತದೆ. ಹಾಗೆ ಬಡಿದು ಬಡಿದೇ ಇವರ ತಲೆ ಇಷ್ಟು ಗಟ್ಟಿಯಾಗಿರೋದು ಎನ್ನುತ್ತಾಳೆ ಅವನ ಹೆಂಡತಿ.

ಗಟ್ಟಿತನಕ್ಕೆ ಸಾಕ್ಷಿ ಬೇಕಾದಷ್ಟಿದೆ. ಯಾರಾದರೂ ಕೀಲಿ ಕಳೆದುಕೊಂಡು ಕರೆದರೆ ಮಾಮ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಆದರೆ ಆ ಬಾಗಿಲಿನ ಒಡೆಯರು ಬಂದು ಪಕ್ಕದಲ್ಲಿ ನಿಂತು ‘ತೆಗಿ’ ಎನ್ನುವ ತನಕ ಬೀಗ ಮುಟ್ಟುವುದಿಲ್ಲ. ಬಾಡಿಗೆಯವರು ಬೈಯಲಿ, ಬಿಸಿಲು ಸುಡಲಿ, ಹೊಸ್ತಿಲ ಹೊರಗೆ ಕೂತು ಕಾಯುತ್ತಾನೆ. ಒಮ್ಮೆ ತನ್ನ ಮನೆಯ ಕೀಲಿಯನ್ನೇ ಎಲ್ಲೋ ಬೀಳಿಸಿಕೊಂಡ. ಊರವರ ಬೀಗವನ್ನೆಲ್ಲ ಬಿಚ್ಚಿದವನು ತನ್ನ ಬಾಗಿಲ ಮುಂದೆ ಕೈಕಟ್ಟಿ ಕೂತಿದ್ದ. ಮಾರುಕಟ್ಟೆಯಿಂದ ಬಂದ ಹೆಂಡತಿ ಹಣೆ ಚಚ್ಚಿಕೊಂಡಳು. “ಮನೆ ನಿನ್ನ ಹೆಸರಲ್ಲಿದೆ. ನೀನಿಲ್ಲದೆ ಹೇಗೆ ತೆಗೀಲಿ?” ಎಂದ ಮಾಮ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರಬಹುದು. ಇವನು ಆ ಮೊಲಕ್ಕೆ ಮೂರು ಕಾಲಿನ ಚಪ್ಪಲಿಯನ್ನೂ ಹೊಲಿಸಿಡುವವನು.

ಇಷ್ಟು ಬಾಗಿಲು ತೆಗೆದವನಿಗೆ ಹೆತ್ತ ತಾಯಿಯ ಮುಖ ಮಾತ್ರ ಗೊತ್ತಿರಲಿಲ್ಲ. ಅವನು ಅಂಬೆಗಾಲಿಡುತ್ತಿದ್ದಾಗಲೇ ಅವಳು ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ಅಪ್ಪ ದುಃಖದಲ್ಲಿ ಅವಳ ಹೆಣದ ಎದೆಯ ಮೇಲಿಟ್ಟು ಅವಳ ಜೊತೆಗೇ ಕಳಿಸಿಬಿಟ್ಟ. ಮಗ ಬೆಳೆದು ಕೇಳಿದಾಗ ಅಪ್ಪ ತಲೆ ತಗ್ಗಿಸಿ ಕೂತನಂತೆ. ಸಾಕಿದವಳು ತಾಯಿಯ ತಂಗಿ, ಚಿಕ್ಕಮ್ಮ. ಐವತ್ತು ದಾಟಿದ ಮಾಮನನ್ನು ಇವತ್ತಿಗೂ ‘ಪುಟ್ಟ’ ಎಂದು ಕರೆಯುವ ಧೈರ್ಯವಿರುವುದು ಅವಳೊಬ್ಬಳಿಗೇ. ಮುಖ ಕಾಣದ ಅಮ್ಮನಿಗೆ ಮಾಮ ತಾನೇ ಒಂದು ಮುಖ ಮಾಡಿಕೊಂಡಿದ್ದ: ಎತ್ತರದ ನಿಲುವು, ಕಡಿಮೆ ಮಾತು, ತಣ್ಣನೆಯ ಕಣ್ಣು. ಕಷ್ಟ ಬಂದಾಗ ಆ ಮುಖದ ಹತ್ತಿರ ಮಾತಾಡುತ್ತಿದ್ದ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಚಿಕ್ಕಮ್ಮ ಮಾತ್ರ ಹಳೆಯ ಕಥೆಯೊಂದನ್ನು ಬಿಡದೆ ಹೇಳುತ್ತಿದ್ದಳು. ಅಕ್ಕ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಮುಂಚಿನ ವರ್ಷ ಹೊರದೇಶದ ಟೀವಿಯವರು ಕ್ಯಾಮೆರಾ ತಂದು ಗಿರಣಿಯನ್ನೆಲ್ಲ ಚಿತ್ರ ತೆಗೆದುಕೊಂಡು ಹೋದರು. “ನಿಮ್ಮಮ್ಮ ಅದರಲ್ಲಿ ಇದ್ದಾಳೆ ಕಣೋ ಪುಟ್ಟ.” ಮನೆಯವರಿಗೆ ಇದು ತಮಾಷೆಯ ಮಾತಾಗಿಬಿಟ್ಟಿತ್ತು. ಯಾರಾದರೂ ನಂಬಲಾಗದ್ದು ಹೇಳಿದರೆ ‘ಚಿಕ್ಕಮ್ಮನ ಸಿನಿಮಾ ಬಂತು’ ಎಂದು ನಗುತ್ತಿದ್ದರು.

ಆ ಸಿನಿಮಾ ನಿಜವಾಗಿಯೂ ಬಂತು. ಮಾಮನ ಮಗಳು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವವಳು. ಗಿರಾಕಿ ಇಲ್ಲದ ಹೊತ್ತಲ್ಲಿ ಫೋನಿನಲ್ಲಿ ಆ ಗಿರಣಿಯ ಹೆಸರು ಬರೆದು ಹುಡುಕುವುದು ಅವಳಿಗೊಂದು ಚಟ. ಒಂದು ದಿನ ಆ ಹೊರದೇಶದ ಟೀವಿಯವರು ತಮ್ಮ ಹಳೆಯ ಚಿತ್ರಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದು ಕಣ್ಣಿಗೆ ಬಿತ್ತು. ಅದರ ನಡುವೆ ಉಗುರಿನಷ್ಟು ಚಿಕ್ಕ ಚಿತ್ರ: ಗಿರಣಿಯ ಹೊಗೆಕೊಳವೆ, ದೊಡ್ಡ ಗೇಟು, ಕೆಳಗೆ ಅದೇ ಹೆಸರು. ಅವಳು ಬಿಳಿ ಕೋಟಿನಲ್ಲೇ ಬೀದಿ ದಾಟಿ ಮೆಟ್ಟಿಲ ಕೆಳಗೆ ನುಗ್ಗಿದಳು. ಮಾಮ ಎದ್ದ, ತಲೆ ಬಡಿಯಿತು, ನೋವು ಅರಿವಿಗೆ ಬರಲಿಲ್ಲ. ಚಿತ್ರ ಒತ್ತಿದ. ಪರದೆ ಕಪ್ಪಾಯಿತು. ಬಿಳಿ ಅಕ್ಷರದ ಒಂದು ಸಾಲು ಬಂತು. ಮಗಳು ಓದಿ ಹೇಳಿದಳು: ಈ ವಿಡಿಯೋ ನೀವಿರುವ ಪ್ರದೇಶದಲ್ಲಿ ಲಭ್ಯವಿಲ್ಲ.

“ಅಂದ್ರೆ?”

“ಆ ದೇಶದಲ್ಲಿ ಇರೋರು ಮಾತ್ರ ನೋಡಬಹುದಂತೆ ಅಪ್ಪಾ. ನೆಟ್ಟಿಗೆ ಹೋದ ಪ್ರತಿ ಫೋನಿಗೂ ಒಂದು ವಿಳಾಸ ಇರುತ್ತೆ. ಅದನ್ನ ನೋಡಿ, ಇವರು ಹೊರಗಿನವರು ಅಂತ ಬಾಗಿಲು ಹಾಕಿಬಿಡುತ್ತೆ.”

“ಕೀಲಿ ಏನೂ ಕೇಳಲ್ವಾ?”

“ಇಲ್ಲ.”

“ಬರೀ ನಿಂತ ಜಾಗ ನೋಡುತ್ತಾ?”

“ಹೂಂ.”

ಮಾಮ ದಂಗಾಗಿ ಕೂತ. ಕೀಲಿ ನೋಡುವ ಬೀಗ ಗೊತ್ತು, ಅಂಕಿ ಕೇಳುವ ಬೀಗ ಗೊತ್ತು, ಬೆರಳು ಒತ್ತಿಸಿಕೊಳ್ಳುವ ಬೀಗವೂ ಗೊತ್ತು. ನೀನು ನಿಂತ ನೆಲ ಯಾವುದು ಎಂದು ನೋಡುವ ಬೀಗವನ್ನು ಅವನು ಕೇಳಿರಲೇ ಇಲ್ಲ. ಅಮ್ಮ ಆ ಬಾಗಿಲಿನ ಒಳಗಿದ್ದಾಳೆ ಎನ್ನುವ ಸಂಕಟದ ನಡುವೆಯೂ ಅದನ್ನು ಮಾಡಿದವರ ಬುದ್ಧಿಗೆ ಅವನು ಮನಸ್ಸಿನಲ್ಲೇ ಕೈ ಮುಗಿದ.

“ಇದಕ್ಕೂ ದಾರಿ ಇದೆ,” ಎಂದಳು ಮಗಳು. “ವಿಪಿಎನ್ ಅಂತ. ಆ ದೇಶದಲ್ಲೇ ಇರೋ ಒಂದು ಕಂಪ್ಯೂಟರು ನಮ್ಮ ಪರವಾಗಿ ಹೋಗಿ ಬಾಗಿಲು ತಟ್ಟುತ್ತೆ. ಬಾಗಿಲಿಗೆ ಅದರ ವಿಳಾಸ ಕಾಣುತ್ತೆ, ನಮ್ಮದು ಮರೆಯಾಗುತ್ತೆ. ಅದು ಒಳಗೆ ನೋಡಿದ್ದನ್ನ ನಮಗೆ ಕಳಿಸುತ್ತೆ.”

“ಈ ಸ್ಟೂಲಿನ ಮೇಲೆ ಕೂತೇ?”

“ಈ ಸ್ಟೂಲಿನ ಮೇಲೆ ಕೂತೇ.”

ಬೇರೆಯವರಾಗಿದ್ದರೆ ಆಗಲೇ ಒತ್ತಿ ನೋಡಿಬಿಡುತ್ತಿದ್ದರು. ಇವನು ಬೀಗದ ಮಾಮ. “ಒಡೆಯರನ್ನ ಕೇಳಿದೀಯಾ?” ಎಂದ. ಮಗಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕೊನೆಗೆ ಅಪ್ಪನ ಹಟಕ್ಕೆ ಟೀವಿಯವರಿಗೆ ಮೇಲ್ ಬರೆದಳು: ಇದರಲ್ಲಿ ನಮ್ಮ ಅಜ್ಜಿ ಇದ್ದಾರೆ, ನಮ್ಮ ಮನೆಯಲ್ಲಿ ಅವರ ಚಿತ್ರ ಇಲ್ಲ, ನೋಡಲು ಅಪ್ಪಣೆ ಕೊಡಿ. ಉತ್ತರವೇನೋ ಬಂತು. ನಿಮ್ಮ ಆಸಕ್ತಿಗೆ ಸಂತೋಷ, ಹಕ್ಕುಗಳ ಕಾರಣದಿಂದ ಹೊರದೇಶಗಳಿಗೆ ತೋರಿಸಲಾಗುತ್ತಿಲ್ಲ, ಮುಂದೆ ಬದಲಾದರೂ ಬದಲಾಗಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮಾಮ ಆ ‘ಮುಂದೆ’ಯನ್ನು ಹಿಡಿದುಕೊಂಡು ಕಾಯತೊಡಗಿದ.

ಕಾಯುವುದಕ್ಕೆ ಅವನಿಗೆ ಪುರುಸೊತ್ತಿತ್ತು, ಚಿಕ್ಕಮ್ಮನ ಕಣ್ಣಿಗೆ ಇರಲಿಲ್ಲ. ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದ ಕಣ್ಣಿನ ನರವೂ ಒಣಗುತ್ತಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಮುಖ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಆ ಕಣ್ಣು ಆರಿದ ಮೇಲೆ ಚಿತ್ರ ಸಿಕ್ಕಿ ಏನು ಬಂತು? ಗಿರಣಿ ತುಂಬ ಹೆಂಗಸರಿರುತ್ತಾರೆ, ಇವರಲ್ಲಿ ನಿನ್ನ ಅಮ್ಮ ಇವಳು ಎಂದು ಬೆರಳು ಮಾಡಿ ತೋರಿಸುವವರು ಯಾರು? ಮಗಳು ಇದನ್ನು ಹೇಳಿದರೆ ಮಾಮ ಕೀಲಿ ಕೊರೆಯುವ ಯಂತ್ರ ಹಾಕಿ ಸದ್ದು ಮಾಡುತ್ತಿದ್ದ. ಅವಳು ಕೊನೆಗೆ ಚಿಕ್ಕಮ್ಮನ ಹತ್ತಿರವೇ ದೂರು ಒಯ್ದಳು.

ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದಳು.

“ಏನೋ ಪುಟ್ಟ, ಒಡೆಯರು ಬಂದು ಪಕ್ಕದಲ್ಲಿ ನಿಂತರೆ ಬಾಗಿಲು ತೆಗೀತೀಯಂತಲ್ಲ?”

“ಹೌದು ಚಿಕ್ಕಮ್ಮ.”

“ಕ್ಯಾಮೆರಾ ಅವರದ್ದಿರಬಹುದು. ಮುಖ ಯಾರದ್ದೋ? ಅವಳನ್ನ ಕೇಳಿ ತಗೊಂಡು ಹೋದರಾ ಅವರು? ನಾನು ಅವಳ ಒಡಹುಟ್ಟಿದವಳು. ಇಗೋ, ಪಕ್ಕದಲ್ಲಿ ನಿಂತಿದೀನಿ. ತೆಗಿ.”

ಮಾಮ ಎದ್ದ. ಸ್ಟೂಲನ್ನು ಅಂಗಿಯ ತುದಿಯಿಂದ ಒರೆಸಿ ಚಿಕ್ಕಮ್ಮನನ್ನು ಕೂರಿಸಿದ. ಮಗಳು ಫೋನ್ ತೆಗೆದಳು. ಅಷ್ಟರಲ್ಲಿ ಮಾಮ, “ತಡಿ, ಅಲ್ಲಿ ಈಗ ಗಂಟೆ ಎಷ್ಟು?” ಎಂದ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. “ಹಾಗಾದ್ರೆ ಬೇಡ. ಮಲಗಿದವರ ಬಾಗಿಲು ತಟ್ಟೋದು ಕಳ್ಳರ ಕೆಲಸ.” ಅಲ್ಲಿ ಮಲಗಿದವರು ಯಾರೂ ಇಲ್ಲ, ಅದು ಬರೀ ಯಂತ್ರ ಎಂದು ಮಗಳು ಎಷ್ಟು ಹೇಳಿದರೂ ಅದು ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಕಡಲಾಚೆ ಸೂರ್ಯ ಹುಟ್ಟಿ, ಜನ ಎದ್ದು ಮುಖ ತೊಳೆದು ಕಚೇರಿಗೆ ಹೋಗುವಷ್ಟು ಹೊತ್ತು ಮೂವರೂ ಮೆಟ್ಟಿಲ ಕೆಳಗೆ ಚಹಾ ಕುಡಿಯುತ್ತ ಕೂತರು. ಗಿರಾಕಿಗಳನ್ನೆಲ್ಲ ಮಾಮ ನಾಳೆ ಬನ್ನಿ ಎಂದು ಕಳಿಸಿದ.

ಕೊನೆಗೆ ಮಗಳು ವಿಪಿಎನ್ ತೆರೆದಳು. ಪರದೆಯ ಮೇಲೆ ಭೂಪಟ ಬಂತು, ಅವರಿದ್ದಲ್ಲಿ ಒಂದು ಚುಕ್ಕೆ. ಅವಳು ಆ ದೇಶದ ಹೆಸರು ಮುಟ್ಟಿದಳು. ಒಂದು ಗೆರೆ ಎದ್ದು ಬೆಟ್ಟ, ಮರಳುಗಾಡು, ಎರಡು ಸಮುದ್ರ ದಾಟಿ ಅಲ್ಲಿ ಇಳಿಯಿತು, ಚುಕ್ಕೆ ಹಸಿರಾಯಿತು. ಮಾಮ ತನಗೆ ಗೊತ್ತಿಲ್ಲದೆಯೇ ಕಾಲಿನ ಕಡೆ ನೋಡಿಕೊಂಡ. ಕಾಲು ಇಲ್ಲೇ ಇತ್ತು, ಸುತ್ತ ಹಿತ್ತಾಳೆಯ ಪುಡಿ ಬಿದ್ದಿತ್ತು. ಆದರೂ ತಾನೀಗ ಅಲ್ಲಿದ್ದೇನೆ, ಯಾರೂ ತಡೆಯುತ್ತಿಲ್ಲ ಎಂದುಕೊಂಡಾಗ ಅವನಿಗೆ ಮೈ ಜುಮ್ಮೆಂದಿತು. ಕಪ್ಪು ಪರದೆ ಬೆಳಗಿತು, ಗಿರಣಿಯ ಗೇಟು ತೆರೆಯಿತು.

ಬಣ್ಣವಿಲ್ಲದ ಚಿತ್ರ. ಯಾರೋ ಗಂಡಸು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಉದ್ದದ ಕೋಣೆ, ಸಾಲು ಸಾಲು ಯಂತ್ರಗಳು, ಗಾಳಿಯಲ್ಲಿ ಹಾರುವ ಹತ್ತಿಯ ಧೂಳು. ಹರಿದ ಎಳೆಗೆ ಓಡಿ ಬಂದು ಗಂಟು ಹಾಕುವ ಬೆರಳುಗಳು. ಎಂದೋ ಮಣ್ಣಾದ ಜನ ಬೆವರು ಒರೆಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು, ಮಾಮ ಅವಳ ಭುಜದ ಮೇಲಿಂದ ಬಗ್ಗಿದ್ದ.

ಆಗ ಕಿಟಕಿಯ ಪಕ್ಕ ಅವಳು ಕಂಡಳು. ಎತ್ತರದ ನಿಲುವು, ತಣ್ಣನೆಯ ಕಣ್ಣು. ಮಾಮ ಇನ್ನಷ್ಟು ಬಗ್ಗಿದ. “ಅಮ್ಮ,” ಎಂದ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು.

“ಯಾರು, ಇವಳಾ?” ಎಂದಳು ಚಿಕ್ಕಮ್ಮ. “ಇವಳು ಮೇಸ್ತ್ರಿಯ ಹೆಂಡತಿ ಕಣೋ. ಎಲ್ಲರ ಮೇಲೂ ಚಾಡಿ ಹೇಳ್ತಿದ್ದಳು, ಹಾಳಾದವಳು.”

ಸುರಿಸಿದ ಕಣ್ಣೀರನ್ನು ಹಿಂದಕ್ಕೆ ಪಡೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಮಾಮ ಮುಖ ಒರೆಸಿಕೊಂಡು ನಿಂತ. ಜೀವಮಾನವಿಡೀ ಮಾತಾಡಿಸಿದ ಮುಖ ಯಾವಳೋ ಚಾಡಿಕೋರಿಯದಾಗಿ ಹೋಯಿತು. ಚಿತ್ರ ಓಡುತ್ತಿತ್ತು. ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಿಗೂ ಚಿಕ್ಕಮ್ಮ “ಇವಳಲ್ಲ” ಎಂದಳು. ನಡುವೆ ಒಮ್ಮೆ ಪರದೆ ಕಪ್ಪಾಗಿ ಆ ಬಿಳಿ ಸಾಲು ಮತ್ತೆ ಬಂತು. ಸಂಪರ್ಕ ಕಡಿದು ಮೂವರೂ ಮೆಟ್ಟಿಲ ಕೆಳಕ್ಕೆ ಬಂದು ಬಿದ್ದಿದ್ದರು. ಮಗಳು ಅವಸರದಲ್ಲಿ ಮತ್ತೆ ಗೆರೆ ಎಳೆದಳು, ಚುಕ್ಕೆ ಹಸಿರಾಯಿತು. ಚಿಕ್ಕಮ್ಮ ಕಣ್ಣು ಉಜ್ಜಿಕೊಂಡು, “ಬೇಗ ಹಾಕೇ, ಮಂಜಾಗ್ತಿದೆ,” ಎಂದಳು. ಚಿತ್ರ ಮುಗಿಯಲು ಸ್ವಲ್ಪವೇ ಉಳಿದಿತ್ತು.

ಊಟದ ಗಂಟೆ ಹೊಡೆಯಿತು. ಹುಡುಗಿಯರ ಹಿಂಡು ಗೇಟಿನಿಂದ ಹೊರಗೆ ನುಗ್ಗಿತು. ಎಲ್ಲರಿಗಿಂತ ಮುಂದೆ ಒಬ್ಬಳು ಕುಳ್ಳಿ, ಜಡೆ ಅರ್ಧ ಬಿಚ್ಚಿದೆ, ತಲೆ ತುಂಬ ಹತ್ತಿಯ ಬಿಳಿ ಧೂಳು. ಓಡುತ್ತ ಓಡುತ್ತ ಕ್ಯಾಮೆರಾದ ಕಡೆ ತಿರುಗಿ ಉದ್ದಕ್ಕೆ ನಾಲಿಗೆ ಚಾಚಿದಳು.

ಚಿಕ್ಕಮ್ಮನ ಬೆರಳು ಗಾಜನ್ನು ಮುಟ್ಟಿತು. ಚಿತ್ರ ಅಲ್ಲೇ ನಿಂತಿತು.

“ಇವಳೇ,” ಎಂದಳು. ಆಮೇಲೆ ಮೆಲ್ಲನೆ ಅಂದಳು, “ಅದು ಕ್ಯಾಮೆರಾಗೆ ಚಾಚಿದ್ದಲ್ಲ. ನಾನು ಬುತ್ತಿ ಹಿಡಿದು ಕ್ಯಾಮೆರಾದವನ ಹಿಂದೆ ನಿಂತಿದ್ದೆ. ನನ್ನನ್ನೇ ನೋಡ್ತಿದ್ದಾಳೆ.”

ಮಾಮ ನೋಡಿದ. ಉಬ್ಬಿದ ಕೆನ್ನೆ, ಚಾಚಿದ ನಾಲಿಗೆ, ಹೆದರಿಕೆಯ ಸುಳಿವೇ ಇಲ್ಲದ ಕಣ್ಣು. ಇವಳ ಹತ್ತಿರ ಕಷ್ಟ ಹೇಳಿಕೊಳ್ಳುವುದು ಹೇಗೆ? ಇವಳೇ ಇನ್ನೂ ಎಳೆಯವಳು. ಪಕ್ಕದಲ್ಲಿ ನಿಂತ ತನ್ನ ಮಗಳಿಗಿಂತ ಚಿಕ್ಕವಳು. ತನ್ನ ಹೆತ್ತವಳು ಇಷ್ಟು ಪುಟ್ಟ ಹುಡುಗಿಯಾಗಿದ್ದಳು, ಇಷ್ಟು ನಗುತ್ತಿದ್ದಳು, ಅಷ್ಟರಲ್ಲೇ ಹೋಗಿಬಿಟ್ಟಳು ಎನ್ನುವುದು ಅವನಿಗೆ ಅವತ್ತೇ ತಿಳಿದದ್ದು. ದೊಡ್ಡ ಜಾತ್ರೆಯಲ್ಲಿ ಕೈ ತಪ್ಪಿದವಳು ಎದುರಿಗೆ ಸಿಕ್ಕ ಹಾಗಾಯಿತು ಅವನಿಗೆ.

ಮಗಳು ಚಿತ್ರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಟ್ಟಳು. ಗಂಟೆ ಹೊಡೆಯಿತು, ಗೇಟು ತೆರೆಯಿತು, ಕುಳ್ಳಿ ಹುಡುಗಿ ಮತ್ತೆ ಓಡಿ ಬಂದಳು. ಹಿಂದೆ ಮುಂದೆ ನೋಡದೆ ಓಡುವುದನ್ನು ಕಂಡು ಮಾಮ ಕೈ ಮುಂದೆ ಚಾಚಿ, “ನಿಧಾನ ಮಗೂ, ಬೀಳ್ತೀಯ!” ಎಂದುಬಿಟ್ಟ.

ಚಿಕ್ಕಮ್ಮ ಅಳುತ್ತಲೇ ನಕ್ಕಳು. “ಬಿದ್ದಳು ಕಣೋ. ಇದರಲ್ಲಿ ಅಷ್ಟು ದೂರ ತೋರಿಸಿಲ್ಲ. ನನ್ನ ಹತ್ತಿರ ಬರೋ ಹೊತ್ತಿಗೆ ಕಲ್ಲು ಎಡವಿ ದಬಕ್ ಅಂತ ಬಿದ್ದಳು. ಮಂಡಿಯೆಲ್ಲ ರಕ್ತ.”

ಮಾಮನ ಚಾಚಿದ ಕೈ ಹಾಗೇ ಇತ್ತು.

“ತುಂಬಾ ಪೆಟ್ಟಾಯ್ತಾ?” ಎಂದು ಕೇಳಿದ.