ಮೆಟಡಾರಿನ ಟಿವಿ, ಅಂಬುಬಾಯಿಯ ಬಾಯಿ

ಅತನೂರಿನಲ್ಲಿ ನಮ್ಮ ಎದುರು ಮನೆಯ ಅಂಬುಬಾಯಿಗೆ ಧ್ವನಿ ಕೊಡುವಾಗ ದೇವರು ಕೈ ಬಿಗಿ ಹಿಡಿದಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಕೋಳಿ ಕರೆದರೆ ನಾನು ಒಲೆಯ ಮುಂದೆ ಬೆಚ್ಚಿಬೀಳುತ್ತಿದ್ದೆ. ಗಂಡ ಧರ್ಮಣ್ಣ ಅಫಜಲಪುರಕ್ಕೆ ಮೆಟಡಾರ್ ಓಡಿಸುತ್ತಿದ್ದ. ಹೊಲದ ದುಡಿಮೆ ಪೂರಾ ಇವಳದೇ. ಸ್ವಂತ ಹೊಲದ ಬದು ಎಲ್ಲಿದೆ ಎಂದು ಕೇಳಿದರೆ ಆ ಪುಣ್ಯಾತ್ಮ ಹೆಂಡತಿಯ ಮುಖ ನೋಡಬೇಕು!

ಎಂಬತ್ತೆಂಟೋ ಎಂಬತ್ತೊಂಬತ್ತೋ, ಆ ವರ್ಷ ತೊಗರಿಗೆ ಹುಳ ಬಿತ್ತು. ಊರವರೆಲ್ಲ ಔಷಧ ಹೊಡೆದು ಹೊಡೆದು ಸುಸ್ತಾದರು. ಅಂಬುಬಾಯಿ ಗಿಡದ ಬುಡಕ್ಕೆ ಬಟ್ಟೆ ಹಾಸಿ, ಗಿಡ ಹಿಡಿದು ಗದಗದ ಅಲುಗಾಡಿಸಿ, ಉದುರಿದ ಹುಳಗಳನ್ನು ಕೋಳಿಗಳ ಮುಂದೆ ಸುರಿದಳು. ಕಾಯಿ ಉಳಿದವು, ಕೋಳಿ ಕೊಬ್ಬಿದವು. ಸುದ್ದಿ ಹೇಗೋ ಟಿವಿಯವರ ತನಕ ಹೋಗಿ, ಅವರು ಜೀಪು ಮಾಡಿಕೊಂಡು ಬಂದೇ ಬಿಟ್ಟರು.

ಅವರೆದುರು ಬಾಯಿ ಬಿಟ್ಟ ಅಂಬುಬಾಯಿ ಅವರ ಚಹಾ ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ. ಕೊನೆಗೆ ಅವರೇ, "ಯಜಮಾನರೂ ಎರಡು ಮಾತು ಹೇಳಲಿ" ಎಂದರು. ಧರ್ಮಣ್ಣ ಮೆಟಡಾರಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಬಂದು, ಎದೆ ತಟ್ಟಿಕೊಂಡು, "ಇದು ನಂದ ಐಡಿಯಾ ನೋಡ್ರಿ" ಎಂದ. ಹೆಂಡತಿ ಆಗ ನೀರು ತರಲು ಒಳಗೆ ಹೋಗಿದ್ದಳು. ನನಗೆ ಮೈಯೆಲ್ಲ ಉರಿದು, ಹೋಗಿ ಅವಳಿಗೆ ಹೇಳಿಯೇ ಬಿಟ್ಟೆ.

"ಹೇಳ್ಲಿ ಬಿಡ್ರಿ ನರ್ಮದಾಬಾಯರ" ಎಂದಳು. "ನಾ ಅಷ್ಟೊತ್ತು ಹೇಳೇನಿ, ಅದರ ಮುಂದ ಅವರದೇನು ಲೆಕ್ಕ? ನನ್ನ ಮಾತು ಟಿವಿದಾಗ ಬರ್ಲಿ, ಇದು ಯಾರ ದುಡಿಮಿ ಅಂತ ಊರಿಗೇ ತಿಳೀತದ."

ಕಾರ್ಯಕ್ರಮದ ದಿನ ಸಂಜೆ ಕರೆಂಟು ಹೋಯಿತು. ಹೋಗದಿದ್ದರೆ ನಮಗೇ ಅನುಮಾನ ಬರುತ್ತಿತ್ತು. ಧರ್ಮಣ್ಣ ಮಾತ್ರ ಹೆದರಲಿಲ್ಲ. ಅವನ ಮೆಟಡಾರಿನಲ್ಲಿ ಎರಡು ಬ್ಯಾಟರಿ ಇದ್ದವು. ಒಂದು ಗಾಡಿಗೆ, ಇನ್ನೊಂದು, ಸೀಟಿನ ಹಿಂದಿನ ಹಳೆಯದು, ಬರೀ ಟಿವಿಗೆ. ಪಂಢರಪುರಕ್ಕೆ ಬಾಡಿಗೆ ಹೋದಾಗ ಗಾಡಿಯಲ್ಲೇ ಮಲಗಿ ನೋಡಲೆಂದು ಸೊಲ್ಲಾಪುರದಿಂದ ಪುಟ್ಟ ಟಿವಿಯೊಂದನ್ನು ತಂದಿದ್ದ. ಅದನ್ನು ಗಾಡಿಯ ಹಿಂಬಾಗಿಲಲ್ಲಿ ಇಟ್ಟ. ಅರ್ಧ ಊರು ಬಂದು ಕೂತಿತು.

ಕೂತ ಜನ ಸುಮ್ಮನೆ ಇರುತ್ತಾರೆಯೇ? ಮೊದಲಿನಿಂದಲೇ ಟಿವಿ ಹಚ್ಚಿಸಿದರು. ವಾರ್ತೆ, ಜಾಹೀರಾತು, ಯಾರೋ ಕಣ್ಣು ಮುಚ್ಚಿ ಬಾರಿಸುವ ಸಿತಾರು, ಒಂದನ್ನೂ ಬಿಡಲಿಲ್ಲ. ತೊಗರಿ ಹೊಲ ಬರುವ ಹೊತ್ತಿಗೆ ಬ್ಯಾಟರಿ ಇಳಿದು, ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಗೈಯಷ್ಟಾಯಿತು.

"ಅಯ್ಯ ನನ್ನ ಶಿವನ! ಇದರಾಗ ನಾ ಹ್ಯಾಂಗ ಹಿಡಸ್ಲಿ?" ಎಂದು ಅಂಬುಬಾಯಿ ಎದೆ ಬಡಿದುಕೊಂಡಳು. ಆಳೂ ದಪ್ಪ.

ಗಾಡಿ ರಿಪೇರಿಯ ಹಸನಸಾಬ ಎದ್ದು, ವೈರನ್ನು ಗಾಡಿಯ ಬ್ಯಾಟರಿಗೆ ಕೊಟ್ಟ. "ಇದೂ ಅಷ್ಟಕ್ಕಷ್ಟ ಅದ. ಧರ್ಮಣ್ಣ, ಎಂಜಿನ್ ಚಾಲೂ ಇಡು. ಎಕ್ಸಿಲೇಟರ್ ಮ್ಯಾಲಿಂದ ಕಾಲ ತಗೀಬ್ಯಾಡ, ತಗದ್ರ ಬಂದ್ ಬೀಳ್ತದ."

ಧರ್ಮಣ್ಣ ಡ್ರೈವರ್ ಸೀಟಿಗೆ ಹತ್ತಿದ. ಅಲ್ಲಿಂದ ಟಿವಿ ಕಾಣುವುದಿಲ್ಲ. ವಾರದಿಂದ ಪ್ಯಾಸೆಂಜರುಗಳಿಗೆಲ್ಲ "ನಾ ಟಿವಿದಾಗ ಬರಾಕತ್ತೇನಿ" ಎಂದು ಸಾರಿದವನ ಹಣೆಬರಹ! "ನಾ ಬಂದ ಕೂಡ್ಲೆ ಒದರ್ರಿ" ಎಂದ ಪಾಪ.

ಚಿತ್ರ ದೊಡ್ಡದಾಯಿತು. ಆದರೆ ಮೆಟಡಾರಿನ ಗದ್ದಲದಲ್ಲಿ ಟಿವಿಯ ಒಂದಕ್ಷರವೂ ಕೇಳಲಿಲ್ಲ. ಪರದೆಯ ಮೇಲೆ ಅಂಬುಬಾಯಿ ಬರೀ ಬಾಯಾಡಿಸುತ್ತಿದ್ದಳು. ಕೂತಿದ್ದ ಅಂಬುಬಾಯಿ ಎದ್ದೇ ಬಿಟ್ಟಳು. "ನಾ ಏನಂದೇನಿ ನಾನ ಹೇಳ್ತೇನಿ, ಕೇಳ್ರಿ!" ಎಂದು ಎಂಜಿನ್ನನ್ನು ಮೀರಿಸಿ ಶುರು ಮಾಡಿದಳು. ಬಟ್ಟೆ ಹಾಸುವ ಮಾತು ಮುಗಿದಿರಲಿಲ್ಲ, ಪರದೆಯಿಂದ ಅವಳು ಮಾಯ. ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ಕತ್ತರಿಸಿ ಒಗೆದಿದ್ದರು. ಈಗ ಪರದೆಯ ತುಂಬಾ ಧರ್ಮಣ್ಣನ ಮುಖವೇ. ಅಂಬುಬಾಯಿ ಮಾತು ನಿಲ್ಲಿಸಿ ಸೆರಗು ಹಿಂಡುತ್ತ ನಿಂತಳು. ಅವಳು ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಧರ್ಮಣ್ಣ, ನೀ ಬಂದಿ ಲೇ!" ಎಂದು ಹಸನಸಾಬ ಕೂಗಿದ. "ಎಂಜಿನ್ ಬಂದ್ ಮಾಡು. ಬ್ಯಾಟರಿ ಈಗ ಸ್ವಲ್ಪ ತುಂಬೇದ, ಒಂದೀಟು ಹೊತ್ತು ಹಾಂಗ ನಡೀತದ, ನಿನ್ನ ಮಾತು ಕೇಳೂಣು!"

ಧರ್ಮಣ್ಣ ಕಿಟಕಿಯಿಂದ ಕತ್ತು ಹೊರಗೆ ಚಾಚಿದ. ಟಿವಿ ಕಾಣಲಿಲ್ಲ, ಹೆಂಡತಿ ಕಂಡಳು. ಒಂದು ಗಳಿಗೆ ನೋಡಿ ತಲೆ ಒಳಗೆಳೆದುಕೊಂಡ. ಎಂಜಿನ್ ಬಂದ್ ಆಗಲಿಲ್ಲ. ಮೆಟಡಾರು ಮೊದಲಿಗಿಂತ ಜೋರಾಗಿ ಅರಚತೊಡಗಿತು.

ಅಂಬುಬಾಯಿಗೆ ಅಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರದೆಯ ಮೇಲಿನ ಗಂಡನ ಬಾಯಿಗೆ ಸರಿಯಾಗಿ ಗಂಡು ದನಿ ತೆಗೆದಳು: "ನಾ ಧರ್ಮಣ್ಣ ಮಾತಾಡಾಕತ್ತೇನಿ. ಇದರಾಗ ನಂದೇನೂ ಇಲ್ರಿ. ಹಾಸಿದ ಧೋತರ ಅಷ್ಟ ನಂದು, ಅದನ್ನೂ ಕೇಳಲಾರದ ಒಯ್ದಾಳ. ಹೊಲ, ಹುಳ, ಕೋಳಿ, ಐಡಿಯಾ, ಎಲ್ಲಾ ನಮ್ಮ ಅಂಬುಬಾಯಿದು!"

ಪರದೆಯ ಧರ್ಮಣ್ಣ ಎದೆ ತಟ್ಟಿಕೊಂಡು, ಹೌದು ಹೌದೆಂದು ತಲೆಯಾಡಿಸಿದ. ಜನ ಬಿದ್ದು ಬಿದ್ದು ನಕ್ಕರು. ನನಗಂತೂ ನಕ್ಕು ಕಣ್ಣಲ್ಲಿ ನೀರು ಬಂತು.

ಕಾರ್ಯಕ್ರಮ ಮುಗಿದ ಮೇಲೆ ಧರ್ಮಣ್ಣ ಗಾಡಿ ಬಂದ್ ಮಾಡಿ ಇಳಿದು ಬಂದ. "ನಾ ಹ್ಯಾಂಗ ಬಂದಿದ್ನೆ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಭಾಳ ಚಲೋ ಮಾತಾಡಿದ್ರಿ" ಎಂದಳು ಅಂಬುಬಾಯಿ. "ಒಂದೂ ಸುಳ್ಳಿರಲಿಲ್ಲ."