ಮಲ್ಕಮ್ಮನ ಹಳದಿ ಕಾರ್ಡು

ತೊಂಬತ್ತಮೂರರ ಸುಮಾರಿಗೆ ಕಮಲಾಪುರದ ಬುರ್ಹಾನುದ್ದೀನ್, ಕಲಬುರಗಿಗೆ ಜನರನ್ನು ಒಯ್ಯುವ ತನ್ನ ಮೆಟಡೋರ್ ವ್ಯಾನಿಗೆ ಹಳದಿ ಕಾರ್ಡುಗಳನ್ನು ಅಚ್ಚು ಹಾಕಿಸಿದ. ಮುಂಗಡ ಹಣ ಕೊಟ್ಟವರಿಗೆ ಇಪ್ಪತ್ತು ಚೌಕಗಳ ಕಾರ್ಡು. ಕಲಬುರಗಿಗೆ ಒಮ್ಮೆ ಹೋದರೆ ಒಂದು ಚೌಕಕ್ಕೆ ತೂತು. ಎರಡು ತಿಂಗಳೊಳಗೆ ಮುಗಿಸದಿದ್ದರೆ ಉಳಿದ ಚೌಕಗಳು ವ್ಯರ್ಥ. ದಿನವೂ ಹೋಗಿಬರುವ ನೌಕರರಿಗೆಂದು ಮಾಡಿಸಿದ ಆ ಕಾರ್ಡನ್ನು, ತಿಂಗಳಿಗೊಮ್ಮೆ ಪಟ್ಟಣ ಕಂಡರೆ ಹೆಚ್ಚೆನ್ನುವ ಮಲ್ಕಮ್ಮ ಹೋಗಿ ಕೇಳಿದಳು.

"ಅಕ್ಕಾ, ನಿಮಗ ಲುಕ್ಸಾನ ಆಗ್ತದ್ರಿ. ಹೋದಾಗೊಮ್ಮೆ ಟಿಕೇಟ್ ತೊಗೋರಿ, ಸಾಕು" ಎಂದ ಬುರ್ಹಾನುದ್ದೀನ್.

"ಲುಕ್ಸಾನ ನಂದು, ಕಾರ್ಡ್ ನಿಂದು. ಕೊಡಪಾ."

ಹಿತ್ತಲಲ್ಲಿ ತಾನೇ ಬೆಳೆಸಿದ ಕೆಂಪು ಬಾಳೆಯ ಗೊನೆಗಳನ್ನು ಮಾರಿ ಆಕೆ ಆ ಹಣ ಹೊಂದಿಸಿದ್ದಳು.

ಮನೆಯ ಖರ್ಚುವೆಚ್ಚವೆಲ್ಲ ಗಂಡನ ಅಣ್ಣ ಅಣವೀರಪ್ಪನ ಕೈಯಲ್ಲಿತ್ತು. ತಮ್ಮನ ಹೆಂಡತಿ ಭಾವನೊಡನೆ ನೇರವಾಗಿ ಮಾತನಾಡುವ ರೂಢಿ ಇರಲಿಲ್ಲ. ಬಸ್ಸಿನ ಚಾರ್ಜು ಬೇಕೆಂದರೆ ಮಲ್ಕಮ್ಮ ಗಂಡ ಚಂದ್ರಶಾನಿಗೆ ಹೇಳಬೇಕು, ಅವನು ಅಣ್ಣನಿಗೆ ಹೇಳಬೇಕು. "ಏನ್ ಕೆಲ್ಸಂತ?" ಎಂಬ ಪ್ರಶ್ನೆ ಅದೇ ದಾರಿಯಲ್ಲಿ ಮರಳಿ ಬರುತ್ತಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದ್ದ ತನ್ನ ಅಕ್ಕ ಮಹಾದೇವಮ್ಮನನ್ನು ನೋಡುವುದು ಅಣವೀರಪ್ಪನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಅಕ್ಕನಿಗೆ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ, ಈ ಮಾತುಕತೆ ಮುಗಿದು ಮಲ್ಕಮ್ಮ ಹೊರಡುವ ಹೊತ್ತಿಗೆ ಅಕ್ಕ ಮನೆ ಸೇರಿ ಓಡಾಡುತ್ತಿದ್ದಳು.

ಕಾರ್ಡು ಬಂದ ಮೇಲೆ ಮಲ್ಕಮ್ಮ ಯಾರನ್ನೂ ಕೇಳಲಿಲ್ಲ. ಸೆರಗು ಹೊದ್ದು ನೆಟ್ಟಗೆ ಸ್ಟ್ಯಾಂಡಿಗೆ ನಡೆದಳು.

"ಏನವ್ವಾ, ಆಫೀಸಿಗೆ ಹೊಂಟೀಯೇನ?" ಎಂದು ನೆರೆಮನೆಯ ಬಿಸ್ಮಿಲ್ಲಾ ಕೆಣಕಿದಳು.

"ಹೌದವ್ವಾ, ಸಾಹೇಬ್ರು ಕಾಯಾಕತ್ತಾರ!"

ಗಡುವು ಹತ್ತಿರ ಬಂದಾಗಲೂ ಅರ್ಧಕ್ಕಿಂತ ಹೆಚ್ಚು ಚೌಕಗಳು ಹಾಗೆಯೇ ಇದ್ದವು. ಒಂದು ಸಂಜೆ ಚಂದ್ರಶಾ ಅಳುಕುತ್ತಲೇ ಹೇಳಿದ: "ಅಣ್ಣಗ ನಾಳೆ ಕೋರ್ಟಿನ ಕೆಲ್ಸ ಅದಂತ. ಹೆಂಗೂ ಹಾಳಾಗೋ ಕಾರ್ಡ್, ಕೊಟ್ಟುಬಿಡು."

ಮಾತು ನ್ಯಾಯವಾದದ್ದೇ. ಆದರೆ ಒಮ್ಮೆ ಭಾವನ ಕೈ ಸೇರಿದರೆ, ತಿರುಗಿ ಪಡೆಯಲು ಮತ್ತೆ ಕೇಳಬೇಕಾದೀತೆಂದು ಮಲ್ಕಮ್ಮನಿಗೆ ಗೊತ್ತಿತ್ತು.

"ಹಾಳಾಗೂದಿದ್ರ ನನ್ನ ಕೈಯಾಗೇ ಹಾಳಾಗ್ಲಿ" ಎಂದಳು.

ಮರುದಿನ ಅದೇ ಮೆಟಡೋರಿನಲ್ಲಿ ಭಾವನೂ ಮಲ್ಕಮ್ಮನೂ ಇದ್ದರು. ಡ್ರೈವರನೂ ಕಂಡಕ್ಟರನೂ ಆದ ಬುರ್ಹಾನುದ್ದೀನ್ ಅಣವೀರಪ್ಪನಿಗೆ ಟಿಕೇಟು ಹರಿದುಕೊಟ್ಟು, ಮಲ್ಕಮ್ಮನ ಕಾರ್ಡಿಗೆ ತೂತು ಹಾಕಿದ.

ಅಣವೀರಪ್ಪ ಮುಂದಿನ ಗಾಜನ್ನೇ ನೋಡುತ್ತ, "ಬುರ್ಹಾನ್, ಇವತ್ತ ಏನ್ ಕೆಲ್ಸ ಅದಂತ ಕೇಳು" ಎಂದ.

ಮಲ್ಕಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕೆಲ್ಸ ಏನೂ ಇಲ್ಲಂತ ಹೇಳಪಾ. ಸ್ಟೇಶನ್ ಬಜಾರದಾಗ ಇಳಿದು ಚಾ ಕುಡೀತೀನಿ. ಆಮ್ಯಾಲ ಅಕ್ಕನ ಮನಿಗೆ ಹೋಗ್ಲೋ ಬ್ಯಾಡೋ, ಅಲ್ಲೇ ಕುಂತು ವಿಚಾರ ಮಾಡ್ತೀನಿ."

"ಇಬ್ರೂ ಇಲ್ಲೇ ಇದ್ದೀರಲ್ರೀ, ನನ್ಯಾಕ ನಡುವ ಎಳೀತೀರಿ?" ಎಂದು ಬುರ್ಹಾನುದ್ದೀನ್ ಗಾಡಿ ಚಾಲೂ ಮಾಡಿದ.

ಸ್ಟೇಶನ್ ಬಜಾರದಲ್ಲಿ ಇಳಿಯುವಾಗ ಮಲ್ಕಮ್ಮ ಕೇಳಿದಳು: "ಹೊಸಾ ಕಾರ್ಡ್ ಯಾವಾಗ ಕೊಡ್ತಿ?"

"ಇದ್ರಾಗ ಇನ್ನೂ ಉಳದಾವಲ್ರೀ ಅಕ್ಕಾ!"

"ಉಳೀಲಿ."