ಐದು ಸೀಟಿನ ಕಾರಿನಲ್ಲಿ ಆರನೆಯವಳು

ಗೆಳೆಯರೇ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಮಧ್ಯಾಹ್ನ ಇಲ್ಲಿ ಕುವೈತಿನ ಮಿರ್ಕಾಬ್‌ನಲ್ಲಿ ಊಟ ಮುಗಿಸಿ ಮಂಗಫ್‌ನ ಮನೆಗೆ ವಾಪಸ್ ಹೊರಟೆವು. ನಾನು, ಹೆಂಡತಿ ಲವೀನಾ, ಏಳು ವರ್ಷದ ಮಗಳು, ಪಕ್ಕದ ಫ್ಲ್ಯಾಟಿನ ಮೈಸೂರಿನ ದಂಪತಿ ಮತ್ತು ವಿಸಿಟ್ ವೀಸಾದಲ್ಲಿ ಬಂದಿರುವ ಅವರಮ್ಮ. ಕಾರಿನ ಕಾಗದದಲ್ಲಿ ಇರುವುದು ಡ್ರೈವರ್ ಸೇರಿ ಐದೇ ಜನ. "ಮಗು ಅಲ್ವಾ, ಅಡ್ಜಸ್ಟ್ ಮಾಡುವ" ಎಂದವನು ನಾನೇ. ನಮ್ಮ ಮಂಗಳೂರಿನ ಬಸ್ಸಿನಲ್ಲಿ ಮಡಿಲಲ್ಲಿ ಕೂತ ಮಕ್ಕಳನ್ನು ಯಾರು ಎಣಿಸುತ್ತಾರೆ?

ಸಿಗ್ನಲ್ ದಾಟಿದ್ದೇ ಪೊಲೀಸ್ ಕೈ ಅಡ್ಡ ಹಿಡಿದ.

"ಪುಟ್ಟಿ, ಬಗ್ಗು! ಬಗ್ಗು!" ಎಂದೆ.

ಮಗಳು ಹಿಂದಿನ ಸೀಟಿನ ಕೆಳಗೆ ಎಲ್ಲರ ಕಾಲುಗಳ ನಡುವೆ ಮುದುಡಿ ಕೂತಳು. ಆ ಅಮ್ಮ ಅವಳ ಮೇಲೆ ಸೆರಗು ಹೊದಿಸಿದರು. ಸೆರಗು ಅಲುಗಾಡಿತು.

ಪೊಲೀಸ್ ಕಿಟಕಿಯೊಳಗೆ ಬಗ್ಗಿ ಎಣಿಸಿ, ಇಂಗ್ಲಿಷಿನಲ್ಲಿ ಕೇಳಿದ, "ಆರು ಜನ. ಇವರಲ್ಲಿ ಎಕ್ಸ್‌ಟ್ರಾ ಯಾರು?"

ಸೆರಗಿನ ಅಡಿಯಿಂದ ಒಂದು ಪುಟ್ಟ ಕೈ ಮೇಲೆದ್ದಿತು, ಕ್ಲಾಸಿನಲ್ಲಿ ಹಾಜರಿ ಹೇಳುವ ಹಾಗೆ.

"ಮೀ, ಅಂಕಲ್. ಐ ಆ್ಯಮ್ ಎಕ್ಸ್‌ಟ್ರಾ."

ಪೊಲೀಸ್ ನನ್ನನ್ನೇ ದುರುಗುಟ್ಟಿ ನೋಡಿ, ದಂಡದ ಚೀಟಿ ಹರಿದುಕೊಟ್ಟು, ಡ್ರೈವರ್ ಸೀಟಿನ ಬಾಗಿಲು ತೆರೆದ.

"ನೋ ಬೇಬಿ. ಯೂ ಎಕ್ಸ್‌ಟ್ರಾ. ಯಲ್ಲಾ, ಬೇಗ ಇಳಿ."

ಲವೀನಾ ಸ್ಟಿಯರಿಂಗ್ ಹಿಡಿದಳು. ಮಗಳು ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಟಾಟಾ ಮಾಡಿದಳು. ಕುವೈತಿನ ಆ ಬಿಸಿಲಲ್ಲಿ ಟ್ಯಾಕ್ಸಿ ಕಾಯುತ್ತಾ ನಿಂತೆ, ಕೊನೆಗೂ ಸರಿಯಾಗಿ ಎಣಿಸಲ್ಪಟ್ಟ ಎಕ್ಸ್‌ಟ್ರಾ.